ಒನ್ ಆಫ್ ಆದಮೇಲೆ ಬಹುವಚನ

ಜೂನ್ ೩

ಪ್ರೀತಿಯ ಅಕ್ಕನಿಗೆ,

ಈ ಸಲ ಕ್ಷೇಮಸಮಾಚಾರಕ್ಕೆ ಮೊದಲು ಕೆಲಸದ ಮಾತು. ಜೊತೆಗಿಟ್ಟ ಹಾಳೆ ನೋಡು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಉಸಿರಾಟ ನೋಡುವ ಡಾಕ್ಟರಿಗೆ ಬರೆದದ್ದು. ಅವರನ್ನು ನೇರವಾಗಿ ಹೋಗಿ ಕಾಣುವಂತಿಲ್ಲ. ಮಗುವಿನ ಹುಟ್ಟಿನಿಂದ ಇವತ್ತಿನವರೆಗಿನದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಅದನ್ನು ಓದಿ ಯಾರನ್ನು ಮೊದಲು ಕರೆಯಬೇಕು, ಯಾರನ್ನು ಆಮೇಲೆ ಎಂದು ಅವರು ಗೊತ್ತುಮಾಡುತ್ತಾರೆ. ನನ್ನ ಇಂಗ್ಲಿಷಿನ ಮೇಲೆ ಗುಬ್ಬಿಯ ಸರದಿ ನಿಂತಿದೆ ಅಂದರೆ ನೀನು ಅಲ್ಲೇ ತಲೆ ಚಚ್ಚಿಕೊಳ್ಳುತ್ತೀಯ.

ಗುಬ್ಬಿ ಎಚ್ಚರವಿದ್ದಾಗ ಚೆನ್ನಾಗಿಯೇ ಇದ್ದಾಳೆ. ನಾಲ್ಕು ತಿಂಗಳ ಕೂಸು, ನನ್ನ ಬೆರಳು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. ಮಲಗಿದಾಗಲೇ ತೊಂದರೆ. ಉಸಿರು ಬರುತ್ತಾ ಬರುತ್ತಾ ನಡುವೆ ಎಲ್ಲೋ ನಿಲ್ಲುತ್ತದೆ. ಏನೋ ಮರೆತವಳಂತೆ ಯೋಚಿಸಿ ಮತ್ತೆ ಶುರು ಮಾಡುತ್ತಾಳೆ. ಅವಳು ಯೋಚಿಸುವಷ್ಟು ಹೊತ್ತು ನಾನೂ ಉಸಿರಾಡುವುದಿಲ್ಲ. ಇಲ್ಲಿಯ ಡಾಕ್ಟರು, “ಚೊಚ್ಚಲ ತಾಯಂದಿರೆಲ್ಲ ಹೀಗೇನಮ್ಮ. ಮೊದಲು ನೀವು ನಿದ್ದೆ ಮಾಡಿ” ಎಂದು ನಕ್ಕು, ನಾನು ಎದ್ದು ಬರದಿದ್ದಕ್ಕೆ ದೊಡ್ಡಾಸ್ಪತ್ರೆಯ ವಿಳಾಸ ಕೊಟ್ಟರು. ಕೆಳಗಿನ ಮನೆಯ ಓನರ್ ಆಂಟಿ, “ಮುಟ್ಟಿ ಮುಟ್ಟಿ ಎಬ್ಬಿಸ್ತೀಯಲ್ಲೇ, ಮಲಗೋಕೆ ಬಿಡು ಅದನ್ನ” ಅನ್ನುತ್ತಾರೆ. ನಮ್ಮ ಮನೆಯವರಿಗೆ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಪಾಳಿ. ಬಂದವರು ಉಂಡು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಇವರ ಇಂಗ್ಲಿಷು ಯಂತ್ರದ ಗುಂಡಿಗಳ ಮೇಲೆ ಬರೆದಿರುವಷ್ಟೇ.

ಹಾಗಾಗಿ ನೀನೇ ಗತಿ. ಕೆಂಪು ಪೆನ್ನು ತೆಗೆ. ಚಿಕ್ಕಂದಿನಲ್ಲಿ ಅಮ್ಮನ ದಿನಸಿ ಚೀಟಿಯನ್ನೂ ತಿದ್ದಿ ಅಂಗಡಿಗೆ ಕಳಿಸುತ್ತಿದ್ದವಳು ನೀನು. ಒಂದೊಂದು ಮಾತನ್ನೂ ನಿಧಾನವಾಗಿ ಓದು. ನಿಧಾನವಾಗಿ.

ನಿನ್ನ ಚುಕ್ಕಿ

(ಹಾಳೆಯಲ್ಲಿದ್ದದ್ದು: “ಈಚ್ ಚೈಲ್ಡ್ ವಾಸ್ ಸ್ಮಾಲ್ ಅಟ್ ಬರ್ತ್. ಐ ಗಿವ್ ಟೂ ಸ್ಪೂನ್ ಮೆಡಿಸಿನ್. ಒನ್ ಆಫ್ ಮೈ ಚೈಲ್ಡ್ ಸ್ಟಾಪ್ಡ್ ಬ್ರೀದಿಂಗ್ ಇನ್ ಸ್ಲೀಪ್. ಆಫ್ಟರ್ ದಟ್ ಐ ವೇಕ್ ಮೆನಿ ಟೈಮ್ ಎವ್ರಿ ನೈಟ್ಸ್.”)

ಜೂನ್ ೧೦

ಚುಕ್ಕಿ,

ನಿನಗೆ ಡಿಗ್ರಿ ಕೊಟ್ಟವರು ಯಾರೇ? ಅವರ ವಿಳಾಸ ಇದ್ದರೆ ಕಳಿಸು, ಅವರಿಗೂ ಒಂದು ಪತ್ರ ಬರೆಯುವುದಿದೆ.

ತಮಾಷೆಗೆ ಅಂದೆ, ಮುಖ ಊದಿಸಬೇಡ. ನಿನ್ನ ತಪ್ಪು ನಿನ್ನೊಬ್ಬಳದಲ್ಲ, ನನ್ನ ತರಗತಿ ಪೂರ್ತಿ ಮಾಡುವುದು ಇದನ್ನೇ. ಕನ್ನಡದಲ್ಲಿ ನಾವು ಎರಡು ಚಮಚ, ಹತ್ತು ಪುಸ್ತಕ, ಎಷ್ಟೋ ಸಲ ಅನ್ನುತ್ತೇವೆ. ಮುಂದೆ ಲೆಕ್ಕ ಹೇಳಿಯಾಗಿದೆ, ಹಿಂದೆ ಮತ್ತೆ ‘ಗಳು’ ಯಾಕೆ ದಂಡ ಅಂತ ನಮ್ಮ ಭಾಷೆಯ ಜಿಪುಣತನ. ಮನುಷ್ಯರ ವಿಷಯದಲ್ಲಿ ಮಾತ್ರ ನಾವೂ ಧಾರಾಳ: ಎರಡು ಕಲ್ಲು ಅನ್ನಬಹುದು, ಇಬ್ಬರು ಹುಡುಗಿ ಅನ್ನುವಂತಿಲ್ಲ. ಇಂಗ್ಲಿಷಿಗೆ ಯಾರ ಮೇಲೂ ನಂಬಿಕೆಯಿಲ್ಲ. ಟೂ ಅಂದಮೇಲೂ, ಮೆನಿ ಅಂದಮೇಲೂ ಬಾಲಕ್ಕೊಂದು ಎಸ್ ಕಟ್ಟಿ ಸಾಕ್ಷಿ ಕೇಳುತ್ತದೆ. ಆದರೆ ಈಚ್, ಎವ್ರಿ ಬಂದರೆ ಉಲ್ಟಾ. ಅವು ಗುಂಪಿನೊಳಗೆ ಹೋಗಿ ಒಬ್ಬೊಬ್ಬರನ್ನೇ ಕೈಹಿಡಿದು ಹೊರಗೆ ಕರೆತರುತ್ತವೆ. ಅದಕ್ಕೇ ಏಕವಚನ.

ಈಗ ನಿನ್ನ ಹಾಳೆ. ‘ಈಚ್ ಚೈಲ್ಡ್’ ವ್ಯಾಕರಣದಲ್ಲಿ ಸರಿ, ಅರ್ಥದಲ್ಲಿ ತಪ್ಪು. ಕೈಹಿಡಿದು ತರಲು ಕನಿಷ್ಠ ಇಬ್ಬರಾದರೂ ಬೇಡವೇ? ಇರುವವಳು ಒಬ್ಬಳು, ಅವಳಿಗೆ ‘ಪ್ರತಿಯೊಬ್ಬ’ ಅಂತಾರೇನೇ? ಹೊಡೆದು ‘ದಿ ಚೈಲ್ಡ್’ ಮಾಡಿದ್ದೇನೆ. ‘ಒನ್ ಆಫ್ ಮೈ ಚೈಲ್ಡ್’ ಎರಡು ಕಡೆಯಿಂದಲೂ ತಪ್ಪು. ಒನ್ ಆಫ್ ಆದಮೇಲೆ ಬಹುವಚನವೇ ಬರಬೇಕು. ನಿನಗೆ ಬಹುವಚನವೇ ಇಲ್ಲದ್ದರಿಂದ ಒನ್ ಆಫ್ ಕೂಡ ಇಲ್ಲ. ‘ಮೈ ಚೈಲ್ಡ್’, ಅಷ್ಟೇ. ನಿದ್ದೆಗೆಟ್ಟು ಒಂದು ಮಗು ಎರಡಾಗಿ ಕಾಣುತ್ತಿದೆಯೋ ಹೇಗೆ?

ಇನ್ನೊಂದು. ‘ಸ್ಟಾಪ್ಡ್ ಬ್ರೀದಿಂಗ್’ ಅಂದರೆ ಉಸಿರು ನಿಂತೇ ಹೋಯಿತು ಅಂತ ಅರ್ಥ. ನಿನ್ನ ಬಳಿ ಇದ್ದು ಬಂದವಳಲ್ಲ ಅಂತ ಅಮ್ಮನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ಅಂಥಾದ್ದೇನೂ ಇಲ್ಲ ಬಿಡು, ಅವಳು ಹುಟ್ಟಾ ಹೆದರುಪುಕ್ಕಲಿ” ಅಂದಳು. ಹಾಗಾಗಿ ‘ಒಮ್ಮೆ, ಒಂದು ಕ್ಷಣ ನಿಂತಂತೆ ಅನ್ನಿಸಿತು’ ಎಂದು ಬರುವಂತೆ ತಿದ್ದಿದ್ದೇನೆ. ಡಾಕ್ಟರಿಗೆ ಸುಳ್ಳು ಗಾಬರಿ ಹುಟ್ಟಿಸಬಾರದು. ಶುದ್ಧಪ್ರತಿ ಇದರೊಂದಿಗೆ ಇದೆ. ಸಹಿ ಹಾಕಿ ಕಳಿಸು.

ನನ್ನ ಏಳನೇ ತಿಂಗಳು ಸಲೀಸಾಗಿ ನಡೆಯುತ್ತಿದೆ. ಗಟ್ಟಿಮುಟ್ಟಾಗಿದ್ದೇನೆ.

ಅಕ್ಕ

ಜೂನ್ ೧೬

ಅಕ್ಕನಿಗೆ,

ಶುದ್ಧಪ್ರತಿ ತಲುಪಿತು. ನೀನು ಬರೆದಂತೆಯೇ ಕಳಿಸಿದೆ. ಒಂದಕ್ಷರವನ್ನೂ ಬದಲಿಸಿಲ್ಲ.

ನಿನ್ನ ಅಕ್ಷರಗಳೆಲ್ಲ ಒಂದು ಪಕ್ಕಕ್ಕೆ ವಾಲಿದ್ದವು. ಅವಸರದಲ್ಲಿ ಬರೆದಿರಬೇಕು. ನಿನಗೂ ಕೆಲಸವಿರುತ್ತದೆ, ನನ್ನದೊಂದು ಕಾಟ.

ಒಂದೇ ಅನುಮಾನ. ಬೋಥ್ ಅಂದಮೇಲೆ ಏಕವಚನವೋ ಬಹುವಚನವೋ? ಮತ್ತೆ, ಎರಡು ಇದ್ದು ಒಂದು ಕಳೆದುಹೋದರೆ ಆ ಕಳೆದದ್ದಕ್ಕೆ ‘ಒನ್ ಆಫ್’ ಅನ್ನಬಹುದೋ? ಅಥವಾ ಈಗ ಉಳಿದಿರುವುದು ಒಂದೇ ಆದ್ದರಿಂದ ಅನ್ನುವಂತಿಲ್ಲವೋ? ಸುಮ್ಮನೆ ಕೇಳಿದೆ.

ಚುಕ್ಕಿ

ಜೂನ್ ೨೩

ಚುಕ್ಕಿ,

ಪತ್ರ ಅಂದರೆ ಇದೇನೇ, ತಂತಿಯೇ? ನನ್ನ ಮಾತು ಚುಚ್ಚಿದೆ ಅಂತ ಕಾಣುತ್ತದೆ. ಒಂದು ಎರಡಾಗಿ ಕಾಣುತ್ತಿದೆಯೇ ಅಂದದ್ದಕ್ಕೆ ತಾನೆ ಈ ಬಿಗುಮಾನ? ನಿನ್ನನ್ನು ನಗಿಸಲು ಹೋಗಿ ನಾನೇ ಪೆದ್ದಿಯಾದೆ.

ಆದರೆ ನಾನೂ ಒಂದು ಹೇಳಲೇ? ನಿನ್ನ ಕೈಯಲ್ಲಿ ಮಗು ಇದೆ. ಬೆಚ್ಚಗೆ, ಬೆರಳು ಹಿಡಿದುಕೊಂಡು ಇದೆ. ಇಷ್ಟು ವರ್ಷ ಎಲ್ಲಿ ಹೋದರೂ ‘ಮಕ್ಕಳು?’ ಅಂತ ಕೇಳಿಸಿಕೊಂಡವಳು ನಾನು. ಇಂಗ್ಲಿಷಿನಲ್ಲಿ ‘ನೋ’ ಆದಮೇಲೆ ಏಕವಚನವೂ ಸಲ್ಲುತ್ತದೆ, ಬಹುವಚನವೂ ಸಲ್ಲುತ್ತದೆ. ನೋ ಚೈಲ್ಡ್ ಅಂದರೂ ಸರಿ, ನೋ ಚಿಲ್ಡ್ರನ್ ಅಂದರೂ ಸರಿ. ಇಲ್ಲದ್ದಕ್ಕೆ ಯಾವ ರೂಪವಾದರೇನು! ಇರುವುದನ್ನು ನೋಡಿಕೊಂಡು ಸಂತೋಷಪಡುವುದು ಕಲಿ. ಬಯ್ಯುತ್ತಿಲ್ಲ, ಬೇಡುತ್ತಿದ್ದೇನೆ.

ಇನ್ನು ನಿನ್ನ ಅನುಮಾನ. ಬೋಥ್ ಆದಮೇಲೆ ಬಹುವಚನ. ಎರಡನೆಯದು ಒಳ್ಳೆಯ ಪ್ರಶ್ನೆ, ನನ್ನ ತರಗತಿಯ ಮಕ್ಕಳು ಯಾರೂ ಕೇಳಿಲ್ಲ. ಎರಡು ಪೆನ್ನು ಇದ್ದು ಒಂದು ಕಳೆದರೂ ‘ಒನ್ ಆಫ್ ಮೈ ಪೆನ್ಸ್ ಈಸ್ ಲಾಸ್ಟ್’ ಅಂತಲೇ ಬರೆಯಬೇಕು. ಎಸ್ ಬಿಡುವಂತಿಲ್ಲ. ಕಳೆದುಹೋಯಿತು ಅಂತ ಅದು ಲೆಕ್ಕದಿಂದ ಹೋಗುವುದಿಲ್ಲ ನೋಡು. ಜೇಬಿನಲ್ಲಿ ಇಲ್ಲದಿದ್ದರೂ ವಾಕ್ಯದಲ್ಲಿ ಇದ್ದೇ ಇರುತ್ತದೆ.

ಆಸ್ಪತ್ರೆಯಿಂದ ಏನು ಬಂತು ಬರಿ.

ಅಕ್ಕ

ಜುಲೈ ೨

(ಭಾವನ ಆಫೀಸಿನ ವಿಳಾಸಕ್ಕೆ)

ಅಕ್ಕ,

ಇದನ್ನು ಭಾವನ ಕೈಗೆ ಕಳಿಸುತ್ತಿರುವುದು ಅಮ್ಮನಿಗೆ ಸಿಗಬಾರದು ಅಂತ. ಕೂತು ಓದು. ಮಲಗಿದ್ದರೆ ಮಲಗಿಯೇ ಓದು.

ಆಸ್ಪತ್ರೆಯ ಉತ್ತರ ಬಂತು. ಸಾಮಾನ್ಯ ಸಾಲು, ಸೆಪ್ಟೆಂಬರಿನಲ್ಲಿ ಬನ್ನಿ ಅಂತ. ಮೊನ್ನೆ ಮಧ್ಯಾಹ್ನ ಓನರ್ ಆಂಟಿಯ ಮಡಿಲಲ್ಲೇ ಗುಬ್ಬಿಯ ತುಟಿ ನೇರಳೆಯಾಯಿತು. ಆಂಟಿ ಬೆನ್ನು ತಟ್ಟಿ, ಪಾದ ಉಜ್ಜಿ, ಕಿರುಚಿದ ಮೇಲೆ ಉಸಿರು ಬಂತು. ಇಷ್ಟು ದಿನ ನನ್ನನ್ನು ಗೇಲಿ ಮಾಡಿದವರು ಮೆಟ್ಟಿಲ ಮೇಲೆ ಕುಸಿದು ಕೂತು, “ನಡಿಯೇ, ಈಗಲೇ ಹೋಗು, ಅಲ್ಲಿ ಕೂತು ಅಳು” ಅಂದರು.

ಹೋದೆ. ಕಿಟಕಿಯ ಆಚೆಗಿದ್ದ ಗುಮಾಸ್ತರು ನನ್ನ ಪತ್ರ ತೆಗೆದು ನನ್ನ ಕಡೆಗೇ ತಿರುಗಿಸಿ ಹಿಡಿದರು.

“ನೀವೇ ಬರೆದಿದ್ದೀರಲ್ಲಮ್ಮ. ಒಂದು ಸಲ, ಒಂದು ಕ್ಷಣ, ನಿಂತಂಗೆ ಅನ್ನಿಸ್ತು ಅಂತ. ಅನ್ನಿಸಿದೋರನ್ನೆಲ್ಲ ಮೊದಲು ಕರೆದ್ರೆ, ನಿಜವಾಗಿ ನಿಂತಿರೋ ಮಕ್ಕಳನ್ನ ಎಲ್ಲಿಗೆ ಕಳಿಸೋಣ?”

“ಅದು ಇವಳದಲ್ಲ ಸಾರ್. ಇನ್ನೊಂದು...”

“ಇನ್ನೊಂದು ಏನಮ್ಮ?”

ಅವರು ಕಾದರು. ಪಾಪ, ಕೆಟ್ಟವರಲ್ಲ. ಕೊನೆಗೆ, “ಇನ್ನೊಂದು ಪತ್ರ ಬರೀತೀರಾ? ಬರ್ಕೊಡಿ. ಡಾಕ್ಟರ ಮುಂದೆ ಇಡ್ತೀನಿ” ಎಂದು ಹಾಳೆ ಕೊಟ್ಟರು. ಆ ಹಾಳೆ ಖಾಲಿಯೇ ಮನೆಗೆ ಬಂತು.

ಅಕ್ಕ, ನನಗೆ ಹುಟ್ಟಿದ್ದು ಇಬ್ಬರು.

ಗುಬ್ಬಿ ಮತ್ತು ಅವಳ ಬೆನ್ನಿಗೇ ಒಬ್ಬ ಗಂಡುಮಗು. ಇಬ್ಬರೂ ಸಣ್ಣವೇ. ಅವನು ಸ್ವಲ್ಪ ಕೆನ್ನೆ ತುಂಬಿಕೊಂಡಿದ್ದ, ಅದಕ್ಕೆ ಗುಂಡ ಅಂತಿದ್ದೆವು. ಸ್ಕ್ಯಾನಿನಲ್ಲಿ ಅವಳಿ ಅಂತ ಗೊತ್ತಾದಾಗ ನೀನು ಇನ್ನೂ ಡಾಕ್ಟರುಗಳ ಬಾಗಿಲು ತಿರುಗುತ್ತಿದ್ದೆ. ನಿನಗೆ ಒಂದೂ ಇಲ್ಲದಿರುವಾಗ ನನಗೆ ಎರಡು ಅನ್ನಲು ಬಾಯಿ ಬರಲಿಲ್ಲ. ಆಮೇಲೆ ನಿನಗೂ ನಿಂತಿತು. ಇನ್ನೇನು, ಅಕ್ಕ ಬಂದು ತೊಟ್ಟಿಲು ಬಗ್ಗಿ ನೋಡಿ ಬೆಚ್ಚಿಬೀಳಲಿ ಅಂತ ಕಾದೆವು. ನೀನು ಬರುವ ಮೊದಲೇ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ಗುಬ್ಬಿ ಪಕ್ಕದಲ್ಲೇ ಮಲಗಿ ಅವನ ಕಿವಿ ಹಿಡಿದುಕೊಂಡಿದ್ದಳು.

ಅಮ್ಮ ನಿನ್ನ ಬಳಿಗೆ ಹೊರಡುವಾಗ ನನ್ನ ಎರಡೂ ಕೈ ಹಿಡಿದು, “ಅವಳಿಗೆ ಗೊತ್ತಾಗಕೂಡದು. ಅವಳ ಹೊಟ್ಟೇಲಿರೋದು ನಿಲ್ಲಬೇಕು. ಒಂದು ಹೋಯ್ತು, ಇನ್ನೊಂದು ಹೋಗೋದು ನೋಡೋ ಶಕ್ತಿ ನಂಗಿಲ್ಲ” ಅಂದಳು. ನಾವು ಮನೆ ಬದಲಿಸಿದೆವು. ಇಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿಯ ಡಾಕ್ಟರು ಚೊಚ್ಚಲು, ಒಬ್ಬಳೇ ಅಂದಾಗ ನಾನು ತಲೆಯಾಡಿಸಿದೆ. ಇವರು ಅವನ ಹೆಸರೆತ್ತಿದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾರೆ.

ಕನ್ನಡದಲ್ಲಿ ಬಾಯಿಗೆ ಬಾರದ್ದು ಇಂಗ್ಲಿಷಿನಲ್ಲಿ ಕೈಗೆ ಬಂತು, ಯಾರದೋ ಮಾತು ಬರೆದಂತೆ. ‘ಈಚ್ ಚೈಲ್ಡ್’ ಅಂತ ಗೊತ್ತಿದ್ದೇ ಬರೆದೆ ಅಕ್ಕ. ಇಬ್ಬರನ್ನೂ ಒಬ್ಬೊಬ್ಬರಾಗಿ ಕೈಹಿಡಿದು ನಿನ್ನ ಮುಂದೆ ತಂದಿದ್ದೆ. ನೀನು ಕೇಳುತ್ತೀಯ, ‘ಇದೇನೇ ಚುಕ್ಕಿ?’ ಅನ್ನುತ್ತೀಯ ಅಂತ ಕಾದಿದ್ದೆ. ನೀನು ಕೆಂಪು ಗೆರೆ ಎಳೆದೆ. ತಪ್ಪು ನಿನ್ನದಲ್ಲ. ಹೇಳದೆ ಅರ್ಥವಾಗಲಿ ಅನ್ನುವುದು ಯಾವ ನ್ಯಾಯ? ಆದರೂ ಆ ಶುದ್ಧಪ್ರತಿಗೆ ಸಹಿ ಹಾಕುವಾಗ ಅವನನ್ನು ಎರಡನೆಯ ಸಲ ಕಳಿಸಿಕೊಟ್ಟಂತೆ ಆಯಿತು.

‘ಮೈ ಚೈಲ್ಡ್’ ಓದಿದವರು ಒಂದೇ ಮಗು, ಉಸಿರು ಕಟ್ಟಿದಂತಾಗಿ ಸರಿಹೋಯಿತು ಅಂದುಕೊಂಡಿದ್ದಾರೆ. ನಿಜ ಬರೆಯಬೇಕು. ಎಷ್ಟು ಸಲ ಕೂತರೂ ಒನ್ ಆಫ್ ಮೈ ತನಕ ಬಂದು ಪೆನ್ನು ನಿಲ್ಲುತ್ತದೆ. ಚೈಲ್ಡ್ ಅಂದರೆ ಅವನು ಇರಲೇ ಇಲ್ಲ ಅಂದಂತೆ. ಚಿಲ್ಡ್ರನ್ ಅಂದರೆ ಇಬ್ಬರಲ್ಲಿ ಒಬ್ಬ ಹೋದ ಅಂತ ನನ್ನ ಕೈಯಾರೆ ಒಪ್ಪಿದಂತೆ. ಕಳೆದದ್ದು ವಾಕ್ಯದಲ್ಲಿ ಇದ್ದೇ ಇರುತ್ತದೆ ಅಂತ ನೀನೇ ಬರೆದೆಯಲ್ಲ. ಆ ಒಂದು ವಾಕ್ಯವನ್ನು ನೀನೇ ಬರೆದುಕೊಡು. ಬೇಗ. ಗುಬ್ಬಿ ಮಲಗಲು ಕಣ್ಣು ಮುಚ್ಚಿದರೆ ಅವಳ ಮೂಗಿನ ಮುಂದೆ ಬೆರಳಿಟ್ಟುಕೊಂಡೇ ಕೂರುತ್ತೇನೆ.

ನಿನಗೆ ಏನೂ ಆಗಬಾರದು. ಆದರೆ ಅಮ್ಮನಿಗೆ ಏನು ಹೇಳಲಿ?

ಚುಕ್ಕಿ

ಜುಲೈ ೭

ಚುಕ್ಕಿ,

ನನಗೆ ಏನೂ ಆಗಿಲ್ಲ. ಮೊದಲು ಇದನ್ನು ಓದಿಕೊ. ಅತ್ತುಬಿಟ್ಟೆ. ಹೊಟ್ಟೆಯಲ್ಲಿರುವುದು ಎರಡು ಸಲ ಒದ್ದು ಸುಮ್ಮನಿರಿಸಿತು. ನಿನ್ನ ಭಾವ ಕವರು ಒಡೆಯದೆ ತಂದುಕೊಟ್ಟು ಬಾಗಿಲಲ್ಲೇ ನಿಂತಿದ್ದರು.

ದೊಡ್ಡಾಸ್ಪತ್ರೆಗೆ ಫೋನ್ ಮಾಡಿದೆ. ನಿನ್ನ ಗುಮಾಸ್ತರೇ ಎತ್ತಿದರು. ಪತ್ರದಲ್ಲಿ ಒಂದು ವಾಕ್ಯ ತಿದ್ದಬೇಕು ಅಂದೆ.

“ಫೋನಲ್ಲಿ ತಿದ್ದೋ ಪದ್ಧತಿ ಇಲ್ಲ ಮೇಡಂ.”

“ಕೆಡಿಸಿದೋಳು ನಾನು, ತಿದ್ದೋಳೂ ನಾನೇ. ಪೆನ್ ತಗೊಳ್ಳಿ” ಅಂದೆ. ತರಗತಿಯಲ್ಲಿ ಅನ್ನುವ ಹಾಗೇ ಅಂದುಬಿಟ್ಟೆ. ಪೆನ್ನು ತೆಗೆದುಕೊಂಡರು, ಪಾಪ. ಬರೆದುಕೊಂಡರು. ಆಮೇಲೆ, “ಗುರುವಾರ ಬರೋಕೆ ಹೇಳಿ. ಡಾಕ್ಟರಿಗೆ ನಾನು ಹೇಳ್ತೀನಿ” ಅಂದರು. ಓನರ್ ಆಂಟಿಯ ಮನೆಗೂ ಫೋನ್ ಮಾಡಿ ದಿನ ತಿಳಿಸಿದ್ದೇನೆ. ನಿಮ್ಮ ಕಡೆ ಬರುತ್ತಿರುವ ಭಾವನ ಆಫೀಸಿನ ವ್ಯಾನಿನಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಡಾಕ್ಟರ ಕೈಗೆ ಕೊಡಲು ಆ ವಾಕ್ಯವನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ: ‘ಒನ್ ಆಫ್ ಮೈ ಸಿಸ್ಟರ್ಸ್ ಚೈಲ್ಡ್ ಡೈಡ್ ಇನ್ ಸ್ಲೀಪ್.’ ನೀನು ಏನೂ ಬರೆಯಬೇಕಾಗಿಲ್ಲ. ಹಾಳೆ ಕೊಡು, ಸಾಕು.

ಚಿಕ್ಕಂದಿನಿಂದ ನೀನು ಚಮಚದ ಎಸ್ ನುಂಗಿದ್ದೀಯ, ಪುಸ್ತಕದ ಎಸ್ ನುಂಗಿದ್ದೀಯ. ಮನುಷ್ಯರದನ್ನು ಎಂದೂ ನುಂಗಿದವಳಲ್ಲ. ಚೈಲ್ಡ್ ಅಂತ ನಿಂತದ್ದು ನೋಡಿ ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಹಾಳೆ ನೋಡಿದೆ, ನಿನ್ನನ್ನು ನೋಡಲಿಲ್ಲ. ಒಂದು ಎರಡಾಗಿ ಕಾಣುತ್ತಿದೆಯೇ ಅಂತ ಬೇರೆ ಕೇಳಿದೆನಲ್ಲೇ.

ನಾನೂ ಗಟ್ಟಿಮುಟ್ಟಾಗಿಲ್ಲ. ಹಾಸಿಗೆ ಬಿಟ್ಟು ಏಳುವಂತಿಲ್ಲ, ಪಕ್ಕಕ್ಕೆ ಮಲಗಿಯೇ ಬರೆಯುವುದು. ಅಕ್ಷರ ವಾಲಿದ್ದು ಅದಕ್ಕೆ. ನಿನಗೆ ಚಿಂತೆ ಯಾಕೆ ಅಂತ ಮುಚ್ಚಿಟ್ಟಿದ್ದೆ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಒಪ್ಪಲೇಬೇಕು. ಆ ತಾಯಿಗೆ ಪತ್ರ ಓದಿ ಹೇಳಿದೆ. ಬಯ್ಯುವುದಿತ್ತು. ಅವಳು ನನ್ನ ಕಾಲ ಬಳಿ ಕೂತು, “ಕೆನ್ನೆ ನಿನ್ನ ಥರಾನೇ ಇತ್ತು ಕಣೇ” ಅಂದಳು. ಬಯ್ಯಲಿಲ್ಲ.

ನಿನ್ನ ಮೇಲೆ ಕೋಪವಿದೆ. ಅದನ್ನು ತೋರಿಸುವುದಕ್ಕೆ ಗುರುವಾರ ಕಳೆಯಲಿ.

ಅಕ್ಕ

ಜುಲೈ ೧೨

ಅಕ್ಕ,

ವಾರ್ಡಿನ ಕಿಟಕಿಯ ಕಟ್ಟೆ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಗುಬ್ಬಿ ಮಲಗಿದ್ದಾಳೆ. ಅವಳ ಎದೆಗೆ ಅಂಟಿಸಿದ ತಂತಿ ಒಂದು ಪೆಟ್ಟಿಗೆಗೆ ಹೋಗುತ್ತದೆ. ಉಸಿರು ನಿಂತರೆ ಅದು ಕೂಗುತ್ತದೆ. ಇಲ್ಲಿಗೆ ಬಂದಮೇಲೆ ಎರಡು ಸಲ ಕೂಗಿತು. ಎರಡು ಸಲವೂ ನರ್ಸು ನನಗಿಂತ ಮೊದಲು ತಲುಪಿದಳು.

ಗುರುವಾರ ಏನಾಯಿತು ಕೇಳು. ಡಾಕ್ಟರಮ್ಮ ನಿನ್ನ ಹಾಳೆ ಓದಿದರು, ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದರು. “ತೀರಿಕೊಂಡದ್ದು ನಿಮ್ಮ ಅಕ್ಕತಂಗಿಯರಲ್ಲಿ ಒಬ್ಬರ ಮಗುವಾ?” ಅಂದರು. ನನಗೆ ಅರ್ಥವಾಗಲಿಲ್ಲ. “ಇಲ್ಲಿ ಹಾಗೇ ಇದೆಯಲ್ಲ. ಬರೆದವರ ಅಕ್ಕತಂಗಿಯರಲ್ಲಿ ಯಾರೋ ಒಬ್ಬರ ಮಗು. ದೂರದ ಸಂಬಂಧವಾದರೆ ಇವಳಿಗೆ ಅಷ್ಟು ಭಯ ಇಲ್ಲ” ಎಂದು ಹಾಳೆ ಪಕ್ಕಕ್ಕಿಟ್ಟು, ಹೊರಗೆ ಕಾದಿದ್ದ ಇನ್ನೊಬ್ಬರನ್ನು ಕರೆಯಲು ಗಂಟೆಯ ಮೇಲೆ ಕೈಯಿಟ್ಟರು.

ನಾನು ಹಾಳೆ ಎಳೆದುಕೊಂಡು ನೋಡಿದೆ. ಚೈಲ್ಡ್! ಅಕ್ಕ, ನೀನು ಚೈಲ್ಡ್ ಅಂತ ಬರೆದಿದ್ದೀಯ. ದಿನಸಿ ಚೀಟಿ ತಿದ್ದಿದವಳು, ಊರ ಮಕ್ಕಳ ಎಸ್ ಕಾದವಳು. ನಿನ್ನ ಪೆನ್ನೂ ಅಲ್ಲಿಗೆ ಬಂದು ನಿಂತಿತೇ? ಅದನ್ನು ನೋಡಿ ನನಗೆ ಅಳು ಬರಲಿಲ್ಲ, ಎಲ್ಲಿಂದಲೋ ಧೈರ್ಯ ಬಂತು.

“ತಪ್ಪಾಗಿದೆ ಮೇಡಂ. ಪೆನ್ ಕೊಡಿ” ಅಂದೆ.

ಡಾಕ್ಟರಮ್ಮನ ಕೈಯಿಂದಲೇ ಪೆನ್ನು ತೆಗೆದುಕೊಂಡು, ಚೈಲ್ಡ್ ಪಕ್ಕದಲ್ಲಿ ಉಳಿದ ಅಕ್ಷರಗಳನ್ನು ಸೇರಿಸಿದೆ. ಚಿಲ್ಡ್ರನ್. “ಅಕ್ಕತಂಗಿಯರಲ್ಲಿ ಒಬ್ಬರ ಮಗು ಅಲ್ಲ. ತಂಗಿಯ ಮಕ್ಕಳಲ್ಲಿ ಒಬ್ಬ. ಆ ತಂಗಿ ನಾನು. ಇಬ್ಬರೂ ನನ್ನವೇ. ಇವಳ ಜೊತೆಗೇ ಹುಟ್ಟಿದವನು” ಅಂದೆ. ಕನ್ನಡದಲ್ಲೇ ಅಂದೆ. ಹಿಂದೆ ಇವರು ನಿಂತಿದ್ದರು, ಪಾಳಿ ಬಿಟ್ಟು ಬಂದಿದ್ದರು. “ಗುಂಡ ಅಂತಿದ್ವಿ” ಅಂದರು. ಅವನು ಹೋದಮೇಲೆ ಇವರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

ಡಾಕ್ಟರಮ್ಮ ಗಂಟೆಯಿಂದ ಕೈ ತೆಗೆದರು. ಇವತ್ತೇ ಸೇರಿಸಿ ಅಂದರು. ಇದಕ್ಕೆ ಔಷಧ ಇದೆಯಂತೆ. ಕೆಲವು ತಿಂಗಳು ಕಣ್ಣಿಟ್ಟು ಕಾದರೆ ಮಗು ಇದನ್ನು ದಾಟಿ ಬೆಳೆಯುತ್ತದಂತೆ. “ಸೆಪ್ಟೆಂಬರ್‌ವರೆಗೆ ಕಾಯೋ ಮಗು ಅಲ್ಲ ಇದು” ಅಂದರು.

ನಿನ್ನೆ ನರ್ಸು ನನ್ನನ್ನು ಗದರಿ ಬೆಂಚಿನ ಮೇಲೆ ಮಲಗಿಸಿದಳು. ಪೆಟ್ಟಿಗೆ ಕಾಯುತ್ತಿದೆಯಲ್ಲ ಅಂತ ಕಣ್ಣು ಮುಚ್ಚಿದೆ. ಎದ್ದಾಗ ಕೆನ್ನೆಯ ಮೇಲೆ ಬೆಂಚಿನ ಪಟ್ಟಿಗಳ ಗುರುತು. ಗುಬ್ಬಿ ನನ್ನನ್ನೇ ನೋಡುತ್ತಿದ್ದಳು.

ಆ ಹಾಳೆ ಈಗ ಅವಳ ಫೈಲಿನಲ್ಲಿದೆ. ನಿನ್ನ ವಾಲಿದ ಅಕ್ಷರದ ಪಕ್ಕದಲ್ಲಿ ನನ್ನ ತಿದ್ದು. ಕೆಂಪಲ್ಲ, ನೀಲಿ. ನಿನ್ನ ಕೋಪ ಇನ್ನೂ ಉಳಿದಿದ್ದರೆ ಬರೆದು ಕಳಿಸು, ಆದರೆ ನಿಧಾನವಾಗಿ ಓದಿ ಕಳಿಸು. ತಪ್ಪಿದ್ದರೆ ಇನ್ನು ನಾನೂ ಬಿಡುವವಳಲ್ಲ.

ನಿನ್ನ ಹೊಟ್ಟೆಯಲ್ಲಿ ಒದೆಯುತ್ತಿರುವ ಆಸಾ­ಮಿ ದೊಡ್ಡದಾಗಿ, ಚಿಕ್ಕಮ್ಮನಿಗೆ ಮಕ್ಕಳೆಷ್ಟು ಅಂತ ಕೇಳಿದರೆ ಇಬ್ಬರು ಅನ್ನು.

ನಿನ್ನ
ಚುಕ್ಕಿ